ಕರೆಂಟಿಗಿಲ್ಲದ ಗಡಿ

ನನ್ನ ಉಮ್ಮನಿಗೆ ಆಸ್ತಮಾ. ಉಪ್ಪಳದ ನಮ್ಮ ಮನೆಯಲ್ಲಿ ಅವರ ಮಂಚದ ಪಕ್ಕ ನೆಬ್ಯುಲೈಸರ್ ಯಾವಾಗಲೂ ಇರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಗುಡುಗು ಕೇಳಿದ ಕೂಡಲೇ ನಮಗೆ ಕರೆಂಟಿನದ್ದೇ ಚಿಂತೆ. ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು, ಮೆಷಿನ್ ನಿಲ್ಲುತ್ತದೆ. ಉಮ್ಮ ಗೋಡೆಗೆ ಒರಗಿ ಕೂತು ಉಸಿರು ಎಳೆಯುತ್ತಾರೆ. ನಾನು ಟಾರ್ಚ್ ಹಿಡಿದು ಫೋನ್ ಮಾಡುತ್ತಾ ಇರುತ್ತೇನೆ. ಆ ಮಳೆಯಲ್ಲೇ ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ನಾನು ದೂರುವುದಿಲ್ಲ.

2017ರ ಮೇ 29ರಂದು ಕೇರಳವನ್ನು ಸಂಪೂರ್ಣ ವಿದ್ಯುದೀಕರಣವಾದ ರಾಜ್ಯವೆಂದು ಘೋಷಿಸಿದರು. ಅದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಲೆಕ್ಕ ಹಾಕಿದ್ದು ಮನೆಮನೆಗೆ ಸಂಪರ್ಕ ಸಿಕ್ಕಿತೇ ಎಂಬುದನ್ನು. ರಾತ್ರಿ ಎರಡು ಗಂಟೆಗೆ ಆ ತಂತಿಯಲ್ಲಿ ಕರೆಂಟು ಉಂಟೇ ಎಂಬುದು ಬೇರೆಯೇ ಲೆಕ್ಕ.

ಆಸ್ಪತ್ರೆಯ ಕಥೆಯೂ ಹಾಗೆಯೇ. ಉಕ್ಕಿನಡ್ಕದಲ್ಲಿ ಕಾಸರಗೋಡು ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಅಲ್ಲಿ ಕೋವಿಡ್ ಆಸ್ಪತ್ರೆ ತೆರೆದದ್ದು 2020ರ ಏಪ್ರಿಲ್‌ನಲ್ಲಿ, ಅದೂ ತುರ್ತಿನಲ್ಲಿ. ಅಷ್ಟು ವರ್ಷವೂ ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ. ರಾಜಧಾನಿ ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರ.

ಆ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಹಲವು ದಾರಿಗಳಿಗೆ ಮಣ್ಣು ಸುರಿದರು, ತಲಪಾಡಿಯಿಂದ ಆಂಬುಲೆನ್ಸ್‌ಗಳೂ ವಾಪಸ್ ಬಂದವು. ಚಿಕಿತ್ಸೆ ಸಿಗದೆ ನಮ್ಮ ಜಿಲ್ಲೆಯಲ್ಲಿ ಕೆಲವರು ತೀರಿಕೊಂಡರು. ಉಮ್ಮನ ಡಾಕ್ಟರ್ ಇರುವುದೂ ಮಂಗಳೂರಿನಲ್ಲಿ. ಫೋನಿನಲ್ಲೇ ಮದ್ದು ಕೇಳಿಕೊಂಡು ದಿನ ಕಳೆದೆವು. ಕೇರಳ ಹೈಕೋರ್ಟ್ ದಾರಿ ತೆರೆಸಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ಅಲ್ಲಿ ತಿಳಿಸಿದ್ದು ಏಪ್ರಿಲ್ 7ರಂದು.

ಕೊಣಾಜೆಗೂ ಮಂಜೇಶ್ವರಕ್ಕೂ ನಡುವೆ 110 ಕೆವಿ ವಿದ್ಯುತ್ ಲೈನ್ ಉಂಟು. ಎರಡು ರಾಜ್ಯಗಳು ಕೂತು ಮಾತಾಡಿ ಕರೆಂಟಿಗೆ ಗಡಿ ದಾಟುವ ದಾರಿ ಮಾಡಿಕೊಂಡಿವೆ. ಉಸಿರು ಕಟ್ಟಿದ ಮನುಷ್ಯನಿಗೆ ಅಂಥ ದಾರಿ ಮೊದಲೇ ಬರೆದಿಟ್ಟಿರಲಿಲ್ಲ.

ಆಮೇಲೆ ನಾವು ಇನ್ವರ್ಟರ್ ಹಾಕಿಸಿದೆವು. ಗಲ್ಫಿನಲ್ಲಿರುವ ತಮ್ಮ ದುಡ್ಡು ಕಳಿಸಿದ. ಆಚೆ ಮನೆಯ ಅಜ್ಜಿಗೂ ದಮ್ಮು ಉಂಟು, ಅವರಿಗೆ ಗಲ್ಫಿನಲ್ಲಿ ಯಾರೂ ಇಲ್ಲ. ಸರಕಾರ ಬಿಟ್ಟ ಜಾಗವನ್ನು ನಮ್ಮ ಕಿಸೆಯಿಂದ ತುಂಬಿದರೆ ಉಳಿಯುವುದು ನಮ್ಮ ಮನೆ ಮಾತ್ರ.

ಅದಕ್ಕೇ ಒಂದು ಮಾತು. 2020ರ ಡಿಸೆಂಬರ್‌ನಲ್ಲಿ ಬಂದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ದಿನವಿಡೀ ಕರೆಂಟು ಕೊಡಬೇಕೆಂದೂ, ಮಿತಿ ಮೀರಿ ಕಡಿತವಾದರೆ ಪರಿಹಾರ ಉಂಟೆಂದೂ ಇದೆ. ಕರೆಂಟು ಹೋದಾಗ 1912ಕ್ಕೆ ಕರೆ ಮಾಡಿ, ದೂರಿನ ನಂಬರ್ ಬರೆದಿಡಿ. ವೋಟು ಕೇಳಿ ಬಂದವರ ಹತ್ತಿರ ಕಂಬ ಎಷ್ಟು ಹಾಕಿದಿರಿ, ಕಟ್ಟಡ ಎಷ್ಟು ಕಟ್ಟಿದಿರಿ ಎಂದು ಕೇಳಬೇಡಿ. ರಾತ್ರಿ ಎರಡು ಗಂಟೆಗೆ ಕರೆಂಟು ಉಂಟೇ, ಡಾಕ್ಟರ್ ಇದ್ದಾರೆಯೇ ಎಂದು ಕೇಳಿ.

ನೆಬ್ಯುಲೈಸರಿನ ಸದ್ದು ಕೇಳುತ್ತಿದ್ದರೆ ಈಗಲೂ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಅದು ನಿಂತಾಗಲೇ ಎಚ್ಚರವಾಗುವುದು.