ಬಿಸಿಲಿಗೊಂದು ಲೇಪ, ಲೇಪಕ್ಕೊಂದಿಷ್ಟು ತಾಳ್ಮೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನ ತಂಗಾಳಿಯನ್ನು ನಂಬಿ ಬಿಸಿಲನ್ನು ಹಗುರವಾಗಿ ಎಣಿಸದಿರಿ. ಗಾಳಿ ತಂಪಾಗಿದ್ದರೂ ನೇರಳಾತೀತ ಕಿರಣಗಳು ಚರ್ಮವನ್ನು ಸುಡುತ್ತವೆ.

ಹೆಬ್ಬಾಳದ ಮೇಲ್ಸೇತುವೆಯನ್ನು ದಿನವೂ ಸ್ಕೂಟರಿನಲ್ಲಿ ದಾಟುವ ನನ್ನ ಮಗಳು ಹಚ್ಚುತ್ತಿದ್ದ ಸನ್‌ಸ್ಕ್ರೀನ್, ಅಳಿಸುವ ರಬ್ಬರಿನ ಚೂರುಗಳಂತೆ ಉಂಡೆಗಟ್ಟಿ ಉದುರುತ್ತಿತ್ತು. ಬೇಸತ್ತು ಅವಳು ಅದನ್ನು ಬಿಟ್ಟೇಬಿಡುವುದರಲ್ಲಿದ್ದಳು. ಲೇಪ ಉದುರಿದೆಡೆ ರಕ್ಷಣೆಯೂ ಕುಂದುತ್ತದೆ.

ಕಾರಣ ಸಾಮಾನ್ಯವಾಗಿ ಸರಳ: ಕೆಳಗಿನ ಕ್ರೀಮು ಆರುವ ಮೊದಲೇ ಮೇಲಿನದನ್ನು ಉಜ್ಜುವುದು, ಇಲ್ಲವೇ ಸಿಲಿಕೋನಿನ ಲೇಪವೂ ನೀರಿನಂಶದ ಲೇಪವೂ ಒಂದಕ್ಕೊಂದು ಹೊಂದದಿರುವುದು. ಕ್ರೀಮನ್ನು ತೆಳುವಾಗಿ ಹಚ್ಚಿ ಐದು ನಿಮಿಷ ಕಾಯಿರಿ. ಬಳಿಕ ಸನ್‌ಸ್ಕ್ರೀನನ್ನು ಎರಡು ಸಲವಾಗಿ, ಉಜ್ಜದೆ, ಮೆಲ್ಲನೆ ಒತ್ತಿ ಹಚ್ಚಿರಿ. ಪ್ರಮಾಣವನ್ನು ಮಾತ್ರ ತಗ್ಗಿಸದಿರಿ. ಬಿಸಿಲಲ್ಲೇ ಇದ್ದರೆ 2 ಗಂಟೆಗೊಮ್ಮೆ ಪುನಃ ಹಚ್ಚಬೇಕು.

ಮುಂಜಾನೆಯ ಧಾವಂತದಲ್ಲಿ ಐದು ನಿಮಿಷ ದೊಡ್ಡದೆನಿಸಬಹುದು. ಆದರೆ ಕಾಯದೆ ಬಳಿದದ್ದು ನಿಲ್ಲುವುದಿಲ್ಲ. ಮಕ್ಕಳಿಗೆ ನಾವು ಮೊದಲು ಕಲಿಸಬೇಕಾದದ್ದು ಆ ತಾಳ್ಮೆಯನ್ನೇ.