ನೆಂಟಸ್ತಿಕೆ

2013ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿಗೂ ಚೀನ ದೇಶದ ಚೆಂಗ್ಡು ನಗರಕ್ಕೂ ಸೋದರಿ ಸಂಬಂಧದ ಒಪ್ಪಂದವಾಯಿತೆಂಬ ವರ್ತಮಾನವನ್ನು ನಾನು ಓದಿ ಹೇಳಿದಾಗ, ನಮ್ಮ ತಾಯಿಯವರು ಮರಿಹುಳುಗಳಿಗಾಗಿ ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚುತ್ತಿದ್ದರು. ತಲೆಯೆತ್ತದೆಯೇ, “ಇಬ್ಬರಲ್ಲಿ ಅಕ್ಕ ಯಾರಪ್ಪ?” ಎಂದು ಕೇಳಿದರು.

ವಯಸ್ಸಿನಿಂದ ಚೆಂಗ್ಡುವೇ ಅಕ್ಕ. ಎರಡು ಸಾವಿರ ವರ್ಷಗಳಿಗೂ ಹಳೆಯ ಪಟ್ಟಣವದು. ಬೆಂಗಳೂರು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು. ಅವರ ವಂಶದವರು 1638ರಲ್ಲಿ ಅದನ್ನು ಕಳೆದುಕೊಂಡು ಮಾಗಡಿಯಲ್ಲಿ ನೆಲೆಸಿದರಾದುದರಿಂದ, ಆ ಊರಿನ ಬಂಧುತ್ವದ ವಿಚಾರದಲ್ಲಿ ಬಾಯಿ ಹಾಕಲು ನಮ್ಮ ಸೀಮೆಯವರಿಗೂ ಕೊಂಚ ಅಧಿಕಾರವುಂಟೆಂದು ನನ್ನ ಭಾವನೆ.

ಚೆಂಗ್ಡುವಿಗೆ ಜಿನ್‌ಚೆಂಗ್, ಎಂದರೆ ಚಿತ್ತಾರದ ಪಟ್ಟೆಯ ನಗರ, ಎಂಬ ಹಳೆಯ ಹೆಸರಿದೆ. ಆ ನಾಡಿನ ಆದಿರಾಜನೇ ಜನಕ್ಕೆ ಹುಳು ಸಾಕುವ ವಿದ್ಯೆಯನ್ನು ಕಲಿಸಿದನೆಂದು ಅಲ್ಲಿಯ ಐತಿಹ್ಯ. ನಮ್ಮಲ್ಲಿ ಈ ಕಸುಬಿಗೆ ಟಿಪ್ಪು ಸುಲ್ತಾನನ ಆಶ್ರಯ ದೊರೆತುದು ಹದಿನೆಂಟನೆಯ ಶತಮಾನದ ಕಡೆಯಲ್ಲಿ. ಹುಳುವಿನ ಮೂಲ ತೌರು ಹೇಗೂ ಚೀನವೇ. ಆದುದರಿಂದ ನೆಂಟಸ್ತಿಕೆಯೇನೋ ಹಳೆಯದು. ಆದರೆ ಹುಳು ಸಾಕುವವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗರು. ಬೀಗರೌತಣ ನಡೆದುದು ಬೆಂಗಳೂರಿನ ಹೆಸರಿನಲ್ಲಿ!

ಈ ಮಾತಿನಲ್ಲಿ ಕಹಿಯಿದ್ದರೆ ಅದಕ್ಕೆ ಕಾರಣವಿದೆ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವು ನೂರಕ್ಕೆ 30ರಿಂದ 5ಕ್ಕೆ ಇಳಿಯಿತು. ಚೀನದ ನೂಲು ಅಗ್ಗವಾಗಿ ಬಂದಿತು. ಇಲ್ಲಿ ಗೂಡಿನ ಧಾರಣೆ ಕುಸಿಯಿತು. ಆ ಸಲ ರಾಮನಗರದ ಸಂತೆಯಿಂದ ಹಿಂದಿರುಗಿದ ನಮ್ಮ ತಂದೆಯವರು ಊಟಕ್ಕೇಳಲಿಲ್ಲ. ಜಗಲಿಯ ಮೇಲೆ ಕುಳಿತು ಬರಿಯ ಚೀಲಗಳನ್ನು ಮಡಿಸುತ್ತಲೇ ಇದ್ದರು. ಮಡಿಸಿದುದನ್ನೇ ಬಿಚ್ಚಿ ಮತ್ತೆ ಮಡಿಸಿದರು. ಮರುವಾರ ಅರ್ಧ ತೋಟವನ್ನು ಕೀಳಿಸಿದರು. 2013ರಲ್ಲಿ ಸುಂಕವು 15ಕ್ಕೆ ಏರಿತು. ಕಿತ್ತ ಜಾಗದಲ್ಲಿ ಮತ್ತೆ ಕಡ್ಡಿ ನೆಡಲು ಅವರಿಗೆ ಮನಸ್ಸು ಬರಲಿಲ್ಲ.

ಚೀನದ ರೈತರ ಮೇಲೆ ನನಗೆ ಮುನಿಸಿಲ್ಲ. ಅಲ್ಲಿಯೂ ಯಾವಳೋ ಮುದುಕಿ ನಡುರಾತ್ರಿಯಲ್ಲಿ ಎದ್ದು ದೀಪ ಹಿಡಿದು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಾಳು. ನಗರಗಳ ಸಂಬಂಧ ಅವಳ ಕಿವಿಗೆ ಬಿದ್ದಿದೆಯೋ ಇಲ್ಲವೋ!

2025ರಲ್ಲಿ ನಮ್ಮ ಜಿಲ್ಲೆಗೇ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. “ಇನ್ನು ಚೆಂಗ್ಡುವಿನವರು ನಮಗೂ ನೆಂಟರೇ ಅಮ್ಮ” ಎಂದೆ. ತಾಯಿಯವರು ತಟ್ಟೆಯ ಕಡೆ ಬಗ್ಗಿ ನೋಡುತ್ತ, “ಹಾಗಾದರೆ ಕೇಳು, ಚಳಿಗಾಲದಲ್ಲಿ ಅವರ ಹುಳು ಮೂರನೆಯ ಜ್ವರದಿಂದ ಏಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಯಂತೆ?” ಎಂದರು.