ಶರಾವತಿಯ ದಡದಲ್ಲೊಂದು ಕಾಲೇಜಿನ ವಿಚಾರ

ಭಟ್ಕಳದಿಂದ ಉತ್ತರಕ್ಕೆ ಸಾಗುವ ಹೆದ್ದಾರಿ ಹೊನ್ನಾವರದಲ್ಲಿ ಶರಾವತಿಯನ್ನು ದಾಟುವೆಡೆ ನದಿಯು ಸಮುದ್ರದಂತೆ ಹರಡಿಕೊಂಡು ಕಾಣುತ್ತದೆ. ಆ ಸೇತುವೆಯ ಮೇಲೂ ನಮ್ಮ ಮಾತು ಕಾಲೇಜಿನದೇ ಆಗಿದ್ದಿತು.

ಜೊತೆಗಿದ್ದ ಭಕ್ತರು ಕಾಯಕದ ನಿಮಿತ್ತ ಧಾರವಾಡದಿಂದ ಭಟ್ಕಳಕ್ಕೆ ವರ್ಗವಾಗಿ ಬಂದವರು. ಮಗಳ ಬಿ.ಎಸ್ಸಿ. ಮೊದಲ ವರ್ಷ ಧಾರವಾಡದಲ್ಲಿಯೇ ಮುಗಿದಿದೆ. ಭಟ್ಕಳದ ಅಂಜುಮನ್ ಕಾಲೇಜು, 1964ರಲ್ಲಿ ಆರಂಭವಾದ ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಈ ಮೂರೂ ಅವಳು ಕಲಿತ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದವು. ತಂದೆಯವರ ಒಲವು ಮಾತ್ರ ಕುಂದಾಪುರದ ಭಂಡಾರ್ಕರ್ಸ್ ಕಾಲೇಜಿನ ಕಡೆಗೆ. ಅದು ಹೆಸರುವಾಸಿಯೇ, ಆದರೆ ಶಿರೂರಿಗೆ ಕಾಲಿಟ್ಟೊಡನೆ 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯದ ಸೀಮೆ. ವಲಸೆ ಪ್ರಮಾಣಪತ್ರ ತರಬೇಕು, ಅರ್ಹತೆ ನಿರ್ಣಯವಾಗಬೇಕು. ಪಾಠಕ್ರಮ ಹೊಂದದಿದ್ದರೆ ವರ್ಷವೇ ನಷ್ಟವಾದೀತು. ಹೆಣ್ಣುಮಗಳ ಒಂದು ವರ್ಷವೆಂದರೆ ಹಗುರಾದ ಮಾತಲ್ಲ. ಆ ಬಿಡುವಿನಲ್ಲಿಯೇ ಮದುವೆಯ ಪ್ರಸ್ತಾಪವೆದ್ದು ಓದು ನಿಂತುಹೋದುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ.

ಒಂದೇ ವಿಶ್ವವಿದ್ಯಾಲಯವೆಂದು ಮೈಮರೆಯುವಂತೆಯೂ ಇಲ್ಲ. ಅವಳ ವಿಷಯಗಳ ಜೋಡಣೆ ಅಲ್ಲುಂಟೆ, ಎರಡನೆಯ ವರ್ಷದಲ್ಲಿ ಸ್ಥಾನ ತೆರವಿದೆಯೆ ಎಂದು ಆಯಾ ಕಾಲೇಜಿನಲ್ಲಿಯೇ ಕೇಳಬೇಕು.

ಕುಮಟಾ ಸೇರುವಷ್ಟರಲ್ಲಿ ತಂದೆಯವರು ಕುಂದಾಪುರವನ್ನು ಕೈಬಿಟ್ಟಿದ್ದರು. ಭಟ್ಕಳದಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರು. ನಿತ್ಯ ಹೋಗಿಬರುವುದು ಕಷ್ಟ. ಆದುದರಿಂದ ಮೊದಲ ಅರ್ಜಿ ಭಟ್ಕಳಕ್ಕೆ, ಎರಡನೆಯದು ಹೊನ್ನಾವರಕ್ಕೆ, ವಸತಿಯ ಅನುಕೂಲ ವಿಚಾರಿಸಿಕೊಂಡು ಮೂರನೆಯದು ಕುಮಟಾಕ್ಕೆ ಎಂದು ಮಗಳೇ ಗುರುತು ಹಾಕಿಕೊಂಡಳು.